ಪೂಜೆಗೊಂಡು ಉಪವಾಸ ಬಿದ್ದ ಗೊಬ್ಬರ ಯಂತ್ರಕ್ಕೆ

ಡೊಂಬಿವಲಿ ಪೂರ್ವ,
ಶನಿವಾರ

ಪರಮಪೂಜ್ಯರೂ, ಸ್ಟೀಲು ಮೈಯವರೂ, ‘ಹರಿತ ಸಂಕಲ್ಪ’ ಸೊಸೈಟಿಯ ಹಿಂಬದಿಯಲ್ಲಿ ಗೊಂಡೆಹೂವಿನ ಮಾಲೆ ಧರಿಸಿ ವಿರಾಜಮಾನರಾಗಿರುವವರೂ ಆದ ಗೊಬ್ಬರ ಯಂತ್ರ ಮಹೋದಯರ ಸನ್ನಿಧಿಗೆ, ಅದೇ ಸೊಸೈಟಿಯ ಬಿ ವಿಂಗಿನಲ್ಲಿ ವಾಸಿಸುವ, ಥಾಣೆಯ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ಜಯಶೀಲನ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ಕ್ಷೇಮವಾಗಿರದೆ ಮತ್ತೇನು? ದಸರೆಯಿಂದೀಚೆಗೆ ತಾವು ಒಂದು ಬಾಳೆಹಣ್ಣಿನ ಸಿಪ್ಪೆಯನ್ನೂ ಮುಟ್ಟಿಲ್ಲ, ಒಂದು ಹಿಡಿ ಗೊಬ್ಬರವನ್ನೂ ಕೊಟ್ಟಿಲ್ಲ, ಎರಡು ಹೊತ್ತು ಊದುಬತ್ತಿಯ ಹೊಗೆಯನ್ನಷ್ಟೇ ಸೇವಿಸಿಕೊಂಡು ಮೈ ಮಿರಮಿರ ಮಿಂಚಿಸಿಕೊಂಡು ನಿಂತಿದ್ದೀರಿ. ಇದನ್ನು ದೂರು ಎಂದು ದಯವಿಟ್ಟು ತಿಳಿಯಬಾರದು, ಆರತಿ ಎತ್ತಿಸಿಕೊಂಡವರ ಮೇಲೆ ದೂರು ಕೊಡುವಷ್ಟು ದೊಡ್ಡ ಮನುಷ್ಯ ನಾನಲ್ಲ. ನನ್ನ ಹೆಂಡತಿ ಮಾಲಾಳ ಬಸಳೆ ಚಪ್ಪರದ ವಿಷಯದಲ್ಲಿ ಒಂದು ಸಣ್ಣ ವಿಜ್ಞಾಪನೆ ಇದೆ, ಅಷ್ಟೆ. ಖಾಸಗಿಯಾಗಿ ತಿಳಿಸೋಣವೆಂದರೆ ತಮ್ಮ ಮುಂದೆ ಯಾವಾಗ ನೋಡಿದರೂ ಯಾರಾದರೊಬ್ಬರು ಕಣ್ಣುಮುಚ್ಚಿ ಕೈಮುಗಿದು ನಿಂತಿರುತ್ತಾರಾದ್ದರಿಂದ ಬಹಿರಂಗವಾಗಿಯೇ ಬರೆಯಬೇಕಾಯಿತು.

ತಮ್ಮ ಎಡಗಡೆಗೆ ಕಾಂಪೌಂಡು ಗೋಡೆಗೆ ಒರಗಿಕೊಂಡು, ಬಿದಿರು ಮತ್ತು ಹಳೆಯ ಕೇಬಲ್ಲು ವಯರಿನ ಮೇಲೆ ಹಬ್ಬಿರುವ ಬಳ್ಳಿಯೇ ಆ ಬಸಳೆ. ಮಾಲಾ ಮದುವೆಯಾಗಿ ಕರಾವಳಿಯ ಕಾಪುವಿನಿಂದ ಇಲ್ಲಿಗೆ ಬರುವಾಗ ಅವಳ ಅಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟ ಒಂದು ದಂಟಿನಿಂದ ಇಷ್ಟೆಲ್ಲ ಆದದ್ದು. ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು, ತರಕಾರಿ ಸಿಪ್ಪೆ, ಮೊಟ್ಟೆಯ ಚಿಪ್ಪು, ತಟ್ಟೆಯಲ್ಲಿ ಉಳಿದ ಅನ್ನ, ಎಲ್ಲವನ್ನೂ ಅವಳು ಅದರ ಬುಡದ ಗುಂಡಿಗೆ ಸುರಿದು ಮೇಲೆ ನಾಲ್ಕು ಹಿಡಿ ಮಣ್ಣು ಎಳೆಯುತ್ತಿದ್ದಳು, ಅವಳನ್ನು ನೋಡಿ ನಮ್ಮ ವಿಂಗಿನ ಹೆಚ್ಚಿನ ಮನೆಯವರೂ ಅಲ್ಲಿಗೇ ತಂದು ಸುರಿಯುತ್ತಿದ್ದರು. ಇದರಿಂದ ಭೂಮಿ ಉಳಿಯುತ್ತದೆ ಎಂದು ಅವರಿಗೆ ಯಾರೂ ಭಾಷಣ ಮಾಡಿರಲಿಲ್ಲ, ಬಸಳೆ ದಪ್ಪ ಬರುತ್ತದೆ ಎಂದು ಮಾತ್ರ ಗೊತ್ತಿತ್ತು. ಮರಾಠಿ ನೆರೆಯವರು ಅದನ್ನು ಮಾಯಾಳು ಎಂದು ಕರೆದು ಭಜಿ ಕರಿದರು, ನಾವು ಸಿಗಡಿ ಹಾಕಿ ಗಸಿ ಮಾಡಿದೆವು, ನಮ್ಮ ಚೇರ್ಮನ್ನರಾದ ಯಜ್ಞೇಶ್ವರ ರಾಯರ ಮನೆಯಲ್ಲಿ ಹಲಸಿನ ಬೀಜ ಹಾಕಿ ಹುಳಿ ಮಾಡಿದರು. ಬುಡಕ್ಕೆ ಯಾವ ನೀರು ಹೋಗಿತ್ತೆಂದು ರಾಯರು ಕೇಳಲಿಲ್ಲ, ನಾವೂ ಹೇಳಲಿಲ್ಲ, ಹುಳಿ ಮಾತ್ರ ಚೆನ್ನಾಗಿತ್ತಂತೆ.

ಹೀಗಿರುವಾಗ ದೊಡ್ಡ ಸೊಸೈಟಿಗಳ ಓಲಾ ಕಚರಾ, ಅಂದರೆ ಹಸಿ ಕಸವನ್ನು ಇನ್ನು ಒಯ್ಯುವುದಿಲ್ಲವೆಂದು ಕಸದ ಗಾಡಿಯವರು ಹೇಳಿದರು, ಸೊಸೈಟಿಯ ಸಭೆ ಕೂಡಿ ತಮ್ಮನ್ನು ತರಿಸಿತು. ತಾವು ಬಂದಿರಿ, ಆದರೆ ತಮ್ಮ ಹತ್ತಿರ ಯಾರೂ ಬರಲಿಲ್ಲ. ಬಸಳೆಯ ಗುಂಡಿ ಗೊತ್ತಿತ್ತು, ಯಂತ್ರದ ಗುಂಡಿ ಗೊತ್ತಿರಲಿಲ್ಲ. ಯಾವ ಗುಂಡಿ ಒತ್ತಿದರೆ ಏನಾಗುತ್ತದೋ, ತಾನು ಒತ್ತಿದಾಗಲೇ ಕೆಟ್ಟುಹೋದರೆ ಏನು ಗತಿಯೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎಲ್ಲರೂ ಹಿಂದೆ ಉಳಿದರು. ಆಗ ಈ ಕಥೆಗೆ ನನ್ನ ಮಗಳು ಮಾನಸಿಯ ಪ್ರವೇಶವಾಯಿತು. ಅವಳು ನವಿ ಮುಂಬಯಿಯ ಕಾಲೇಜಿನಲ್ಲಿ ಮನಃಶಾಸ್ತ್ರ ಓದುತ್ತಾಳೆ, ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸುತ್ತಾಳೆ. ಮನಸ್ಸು ಮತ್ತು ಸಂಸ್ಕೃತಿಗಳು ಸುಸ್ಥಿರ ಅಭಿವೃದ್ಧಿಯ ಮೇಲೆ ಬೀರುವ ಪರಿಣಾಮದ ಬಗ್ಗೆ ಈ ವರ್ಷ ಅವಳಿಗೆ ಪ್ರಾಜೆಕ್ಟ್ ಇತ್ತು. ಜನರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ, ಅವರ ನಂಬಿಕೆಯ ಜೊತೆ ಹೊಸ ವಸ್ತುವನ್ನು ಹೊಂದಿಸಿದರೆ ತಾವಾಗಿಯೇ ನಡೆದುಕೊಳ್ಳುತ್ತಾರೆ ಎಂದು ಅವಳ ಪುಸ್ತಕದಲ್ಲಿ ಬರೆದಿತ್ತಂತೆ. “ಪಪ್ಪಾ, ಮಶೀನ್ ಕೋ ಅಪ್ನೇ ಕಲ್ಚರ್ ಸೇ ಜೋಡೋ, ಫಿರ್ ದೇಖೋ” ಎಂದಳು. ಯಂತ್ರವನ್ನು ನಮ್ಮ ಸಂಸ್ಕೃತಿಗೆ ಜೋಡಿಸಿ ನೋಡಿ ಎಂಬ ಆ ಮಾತನ್ನು ನಾನು ರಾಯರಿಗೆ ದಾಟಿಸಿದೆ, ಅವರು ಅದನ್ನು ಮನಸ್ಸಿಗೆ ಹಚ್ಚಿಕೊಂಡು ದಸರೆಗೆ ಯಂತ್ರದ ಆಯುಧಪೂಜೆ ಎಂದು ಗೊತ್ತುಮಾಡಿದರು.

ಮಾನ್ಯರೇ, ಆಯುಧಪೂಜೆ ನಮಗೆ ಹೊಸತಲ್ಲ. ನಮ್ಮ ಹೋಟೆಲಿನ ಗ್ರೈಂಡರಿಗೂ ದಸರೆಯಲ್ಲಿ ಕುಂಕುಮ ಹಚ್ಚುತ್ತೇವೆ, ಮಾರನೆಯ ಬೆಳಿಗ್ಗೆ ಅದು ಹಣೆಯ ಕುಂಕುಮದ ಸಮೇತ ಉದ್ದು ರುಬ್ಬುತ್ತದೆ. ಆದರೆ ಗ್ರೈಂಡರಿನ ಊಟ ಉದ್ದು, ತಮ್ಮ ಊಟ ನಮ್ಮ ಎಂಜಲು. ಈ ಒಂದು ಸಣ್ಣ ವಿಷಯ ಪೂಜೆಗೆ ಬಂದ ಭಟ್ಟರಿಗೂ ಹೊಳೆಯಲಿಲ್ಲ, ಪುಸ್ತಕ ಬರೆದವರಿಗೂ ಹೊಳೆದಂತಿಲ್ಲ. ರಾಯರು ಬರೀ ಪೂಜೆಯಿಂದ ತೃಪ್ತರಾಗದೆ ಕಲಶವಿಡಿಸಿ, ಪುಣ್ಯಾಹದ ನೀರು ಪ್ರೋಕ್ಷಿಸಿ, ಕುಂಬಳಕಾಯಿ ಒಡೆಸಿ, ಕೊನೆಗೆ ಕಸ ಹಾಕುವ ಮುಚ್ಚಳದ ಮೇಲೆಯೇ ಗಣಪತಿಯ ಚಿತ್ರವೊಂದನ್ನು ಭಕ್ತಿಯಿಂದ ಅಂಟಿಸಿದರು. ಎಲ್ಲರೂ ಪಂಚಕಜ್ಜಾಯ ತಿಂದು, ಕೈ ತೊಳೆದುಕೊಂಡು ಮನೆಗೆ ಹೋಗಿ, ಹಸಿ ಕಸದ ಬಕೆಟ್ಟು ಹಿಡಿದು ಕೆಳಗಿಳಿದು ಬಂದರು. ಬಂದವರು ಮುಚ್ಚಳದ ಗಣಪತಿಯನ್ನು ನೋಡಿದರು, ಬಕೆಟ್ಟಿನೊಳಗಿನ ಬಂಗುಡೆಯ ತಲೆಯನ್ನು ನೋಡಿದರು, ತಿರುಗಿ ಲಿಫ್ಟು ಹತ್ತಿದರು. ಮೀನು ತಿನ್ನುವ ನಾವೇ ಎಲ್ಲರಿಗಿಂತ ಮೊದಲು ತಿರುಗಿದೆವು ಎಂಬುದನ್ನು ಇಲ್ಲಿ ಅಭಿಮಾನದಿಂದ ತಿಳಿಸುತ್ತೇನೆ.

ಅಂದಿನಿಂದ ತಮ್ಮ ಮಹಿಮೆ ದಿನದಿಂದ ದಿನಕ್ಕೆ ಬೆಳೆಯುತ್ತಿದೆ. ಲಿಫ್ಟಿನಲ್ಲಿ ಎಲೆಯಡಿಕೆ ಉಗುಳುವವರೂ ತಮ್ಮ ಮುಂದೆ ಚಪ್ಪಲಿ ಕಳಚುತ್ತಾರೆ. ಪರೀಕ್ಷೆಗೆ ಹೋಗುವವರು ಹಾಲ್ ಟಿಕೆಟನ್ನು ತಮಗೆ ಮುಟ್ಟಿಸಿಕೊಂಡು ಹೋಗುತ್ತಾರೆ, ಟಿಟ್ವಾಳಾದ ಗಣಪತಿಗೆ ಹೋಗಲು ಪುರುಸೊತ್ತಿಲ್ಲದವರು ತಮಗೇ ಮೂರು ಸುತ್ತು ಬಂದು ಆಫೀಸಿನ ಲೋಕಲ್ ಹಿಡಿಯುತ್ತಾರೆ. ನವಿ ಮುಂಬಯಿಯ ಒಂದು ಸೊಸೈಟಿಯವರು ನಮ್ಮ ಮಾದರಿ ನೋಡಲು ಬಂದಿದ್ದರು, ಗೊಬ್ಬರ ಎಷ್ಟು ಬರುತ್ತದೆಂದು ಅವರು ಕೇಳಲೇ ಇಲ್ಲ, ಭಟ್ಟರ ಮೊಬೈಲು ನಂಬರು ಬರೆದುಕೊಂಡು ಹೋದರು. ಮಾನಸಿಯ ಪ್ರಾಜೆಕ್ಟಿಗೆ ಕಾಲೇಜಿನಲ್ಲಿ ಮೊದಲ ಬಹುಮಾನ ಬಂತು. ಯಂತ್ರದ ಸುತ್ತಮುತ್ತ ಕಸದ ಒಂದು ಚೂರೂ ಕಾಣಸಿಗದು ಎಂದು ಅವಳು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಹಾಗಾದರೆ ಹಸಿ ಕಸ ಎಲ್ಲಿಗೆ ಹೋಗುತ್ತದೆ ಎಂಬ ಕುತೂಹಲ ತಮಗಿದ್ದರೆ ತಿಳಿಸುತ್ತೇನೆ. ಗಾಡಿಯವರು ಒಯ್ಯುವುದಿಲ್ಲ, ನಿಮ್ಮಲ್ಲಿ ಮಶೀನು ಇದೆಯಲ್ಲ ಎನ್ನುತ್ತಾರೆ. ಆದ್ದರಿಂದ ಅದು ಕಪ್ಪು ಚೀಲದಲ್ಲಿ ಬಿಗಿಯಾಗಿ ಕಟ್ಟಿಸಿಕೊಂಡು, ಸ್ಕೂಟರಿನ ಹುಕ್ಕಿನಲ್ಲಿ ನೇತಾಡಿಕೊಂಡು, ಕಲ್ಯಾಣದ ದಾರಿಯ ಯಾವುದೋ ಖಾಲಿ ಪ್ಲಾಟಿನ ಅಂಚಿಗೆ ಹೋಗುತ್ತದೆ. ಬಿಸಾಡಿ ಬಂದವರ ಮುಖದಲ್ಲಿ ಅಳುಕು ಹುಡುಕಿದರೂ ಸಿಗುವುದಿಲ್ಲ. ಒಂದು ಒಳ್ಳೆಯ ಕೆಲಸ ಮಾಡಿದ ಮನಸ್ಸು ತನಗೆ ತಾನೇ ರಜೆ ಕೊಟ್ಟುಕೊಳ್ಳುತ್ತದಂತೆ, ಇದೂ ಮಾನಸಿಯ ಪುಸ್ತಕದಲ್ಲೇ ಇದೆ. ತಾವು ಬಂದ ಮೇಲೆ ನಮ್ಮ ಜನ ಒಂದನೇ ಮಹಡಿಗೂ ಲಿಫ್ಟಿನಲ್ಲೇ ಹೋಗುತ್ತಾರೆ, ನಲ್ಲಿ ಬಿಟ್ಟುಕೊಂಡೇ ಕಾರು ತೊಳೆಯುತ್ತಾರೆ, ಅನ್ನವನ್ನೂ ಪ್ಲಾಸ್ಟಿಕ್ ಡಬ್ಬಿಯಲ್ಲಿ ತರಿಸಿ ತಿನ್ನುತ್ತಾರೆ. ಯಾರಾದರೂ ಕೇಳಿದರೆ ಯಂತ್ರವಿದೆಯಲ್ಲ ಎಂದು ತಮ್ಮ ಕಡೆಗೆ ಬೆರಳು ತೋರಿಸುತ್ತಾರೆ.

ಇನ್ನು ತಮ್ಮ ಮಾಲೆಗಳ ವಿಷಯ. ದಿನವೂ ಬಾಡುವ ಆ ಹೂವನ್ನು ಗೊಬ್ಬರ ಮಾಡಲು ತಮಗಿಂತ ಯೋಗ್ಯರು ಈ ಊರಿನಲ್ಲಿ ಬೇರೆ ಯಾರಿದ್ದಾರೆ? ಆದರೆ ಅದು ನಿರ್ಮಾಲ್ಯ, ಹರಿಯುವ ನೀರಿಗೇ ಸೇರಬೇಕೆಂದು ರಾಯರು ಅಪ್ಪಣೆ ಕೊಡಿಸಿ, ದಿನಾ ಥಾಣೆಗೆ ಹೋಗುವವನೆಂದು ಆ ಸೇವೆಯನ್ನು ನನಗೆ ಒಪ್ಪಿಸಿದರು. ಕಳವಾ ದಾಟಿ ಲೋಕಲ್ಲು ಖಾಡಿಯ, ಅಂದರೆ ಹಿನ್ನೀರಿನ ಸೇತುವೆಗೆ ಬಂದಾಗ ಬಾಗಿಲಲ್ಲಿ ನಿಂತವರು ತಂತಮ್ಮ ಮನೆಯ ಹೂವನ್ನು ಪ್ಲಾಸ್ಟಿಕ್ ಚೀಲದ ಸಮೇತ ನೀರಿಗೆ ಎಸೆದು ಹಣೆ ಮುಟ್ಟಿಕೊಳ್ಳುವುದನ್ನು ನಾನು ದಿನವೂ ನೋಡುತ್ತೇನೆ. ತಮ್ಮ ಚೀಲವನ್ನು ಎಸೆಯಲು ನನಗೇಕೋ ಕೈ ಬರಲಿಲ್ಲ, ಸಂಜೆ ಹಾಗೆಯೇ ಮನೆಗೆ ತಂದೆ. ಮಾಲಾ ದಾರ ಬಿಡಿಸಿ ಹೂವನ್ನು ಬಸಳೆಯ ಬುಡಕ್ಕೆ ಹಾಕಿದಳು, ಮರುದಿನವೂ ಹಾಗೆಯೇ ಆಯಿತು.

ಅಷ್ಟರಲ್ಲಿ ಬಸಳೆಯ ಮೇಲೆ ನೋಟೀಸು ಬಂದಿತ್ತು. ತಮ್ಮ ಪಕ್ಕದಲ್ಲಿ ಮೀನಿನ ನೀರು, ಮುಸುರೆ ಚೆಲ್ಲುವುದು ಮೈಲಿಗೆಯಾದ್ದರಿಂದ ಗುಂಡಿಯನ್ನು ಮುಚ್ಚಬೇಕು, ಚಪ್ಪರ ತೆಗೆದು ಅಲ್ಲಿ ತಮಗಾಗಿ ಮಾರ್ಬಲ್ಲು ಕಟ್ಟೆ ಕಟ್ಟಬೇಕು ಎಂದು ಕಮಿಟಿ ನಿರ್ಧರಿಸಿತ್ತು. ಕಸದಿಂದ ಗೊಬ್ಬರ ಮಾಡುವ ಯಂತ್ರಕ್ಕೆ ಜಾಗ ಸಾಲದೆಂದು, ಈ ಸೊಸೈಟಿಯಲ್ಲಿ ಕಸದಿಂದ ಗೊಬ್ಬರವಾಗುತ್ತಿದ್ದ ಏಕೈಕ ಜಾಗವನ್ನು ತೆಗೆಯುವ ನಿರ್ಧಾರವಿದು, ಎಲ್ಲರೂ ಕೈ ಎತ್ತಿದರು. ಸಭೆ ಮುಗಿಸಿ ಮಾಲಾ ಮನೆಗೆ ಬಂದು ಅಮ್ಮನಿಗೆ ಫೋನು ಮಾಡಿ ಮಳೆಯ ಸುದ್ದಿ, ಮೀನಿನ ಸುದ್ದಿ ಎಲ್ಲ ಕೇಳಿದಳು, ಬಸಳೆ ಹೇಗಿದೆಯೆಂದು ಆಚೆಯಿಂದ ಕೇಳಿದಾಗ ಚೆನ್ನಾಗಿದೆ ಎಂದು ಹೇಳಿ ಒಳಗೆ ಹೋದಳು.

ಚಪ್ಪರ ಕೀಳಿಸಲು ರಾಯರು ಆಳುಗಳನ್ನು ಕರೆದುಕೊಂಡು ಬಂದ ದಿನ ಒಂದು ಪವಾಡ ನಡೆಯಿತು. ಬಸಳೆಯ ಬುಡದ ಸುತ್ತ ಯಾರೂ ಬಿತ್ತದ ಗೊಂಡೆಗಿಡಗಳು ಮೊಳೆತು ಮೊಗ್ಗು ಬಿಟ್ಟಿದ್ದವು. ರಾಯರ ಕಣ್ಣು ತುಂಬಿಬಂತು. ಅದು ತಮ್ಮದೇ ಮಾಲೆಯ ಬೀಜ, ಹಾಕಿದ್ದು ನನ್ನ ಹೆಂಡತಿ ಎಂದು ನಾನು ಸತ್ಯವನ್ನು ನಿವೇದಿಸಿದೆ. ಹಾಕುವ ಬುದ್ಧಿ ಕೊಟ್ಟದ್ದು ಯಾರು ಹಾಗಾದರೆ ಎಂದು ಅವರು ನನ್ನನ್ನೇ ಕೇಳಿ, ಆಳುಗಳನ್ನು ಹಿಂದಕ್ಕೆ ಕಳಿಸಿದರು. ಚಪ್ಪರ ಉಳಿಯಿತು. ಬಿದಿರಿಗೆ ಕೆಂಪು ದಾರ ಬಂತು, ಗೋಡೆಗೆ ಕುಂಕುಮ ಬಂತು, ಸಂಜೆಗೆ ಹೊಸ ಬೋರ್ಡು ಬಂತು, ಎಲೆ ಕೀಳಬಾರದು, ಮುಸುರೆ ಹಾಕಬಾರದು, ಮೀನಿನ ನೀರನ್ನಂತೂ ಹತ್ತಿರಕ್ಕೂ ತರಬಾರದು. ಈಗ ಬಳ್ಳಿ ಹಳದಿಯಾಗುತ್ತಿದೆ. ಅಮ್ಮ ಕೊಟ್ಟ ದಂಟು ಕಣ್ಣೆದುರೇ ಇದೆ, ಮಾಲಾ ಸೋಮವಾರದ ಬಜಾರಿನಿಂದ ಬೇರೆಯವರ ಬಸಳೆ ತಂದು ಗಸಿ ಮಾಡುತ್ತಾಳೆ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ದಯವಿಟ್ಟು ರಾಯರ ಕನಸಿನಲ್ಲಿ ಬಂದು ತಮಗೆ ಹಸಿವಾಗಿದೆಯೆಂದು ತಿಳಿಸಿರಿ. ಕಮಿಟಿಯಲ್ಲಿ ಬೇರೆಯವರೂ ಇರುವುದರಿಂದ ಮರಾಠಿಯಲ್ಲೂ ಒಮ್ಮೆ ಹೇಳಿದರೆ ಒಳ್ಳೆಯದು. ಕನಸಿಗೆ ಬರುವುದು ಕಂಪನಿಯ ವಾರಂಟಿಯಲ್ಲಿ ಇಲ್ಲವಾದರೆ, ನಾಳೆಯ ಆರತಿಯ ಹೊತ್ತಿಗೆ ಸರಿಯಾಗಿ ಒಮ್ಮೆ ತೇಗಿ ಆ ಹೊಗೆಯನ್ನೆಲ್ಲ ಹೊರಗೆ ಬಿಡಿರಿ. ಅದೂ ಆಗದಿದ್ದರೆ ತಾವು ಒಂದನ್ನು ಮಾತ್ರ ಸಹಿಸಿಕೊಳ್ಳಬೇಕು. ಈಗ ತಾನೇ ಮಾಲಾ ಬಂಗುಡೆ ಹೆಚ್ಚುತ್ತಾ, ತಲೆ ಎತ್ತದೆ ನನಗೊಂದು ಮಾತು ಹೇಳಿದಳು.

“ಪೂಜೆ ಮಾಡಿ ಮಾಡಿ ಅದನ್ನು ಉಪವಾಸ ಹಾಕಿದ್ದಲ್ವಾ ನೀವೆಲ್ಲ? ಗಣಪತಿಗೆ ನಮ್ಮ ದೇವರ ಕೋಣೆಯಲ್ಲಿ ಜಾಗ ಉಂಟು. ನಾಳೆ ಅವನನ್ನು ಮೇಲೆ ಕರ್ಕೊಂಡು ಬಂದು ಮಶೀನಿಗೆ ನಾನೇ ಊಟ ಹಾಕ್ತೇನೆ. ಯಾರು ಏನು ಹೇಳ್ತಾರೆ ನೋಡುವ.”

ಅವಳು ನೋಡುವ ಎಂದರೆ ನೋಡಿಯೇ ನೋಡುತ್ತಾಳೆ. ನಾಳೆ ಬೆಳಿಗ್ಗೆ ತಮ್ಮ ಮುಚ್ಚಳ ತೆರೆದಾಗ ಗಾಬರಿಯಾಗದೆ ಬಾಯಿ ತೆರೆಯಬೇಕೆಂದು, ಗುಂಡಿ ಒತ್ತಿದಾಗ ನನ್ನ ಹೆಂಡತಿಯ ಮಾನ ಕಾಯಬೇಕೆಂದು ಬೇಡಿಕೊಳ್ಳುವ,

ತಮ್ಮ ವಿಶ್ವಾಸಿಯೂ ನಿರ್ಮಾಲ್ಯವಾಹಕನೂ ಆದ
ಜಯಶೀಲ

ತಾ.ಕ.: ಭಾನುವಾರ ಮಧ್ಯಾಹ್ನ ಇದನ್ನು ಸೇರಿಸುತ್ತಿದ್ದೇನೆ. ಮಾಲಾ ಬೆಚ್ಚಗಿನ ನೀರು ಮುಟ್ಟಿಸಿ ಗಣಪತಿಯ ಚಿತ್ರವನ್ನು ಹರಿಯದಂತೆ ಬಿಡಿಸಿಕೊಂಡು ಮೇಲೆ ತಂದಳು, ಮತ್ತೆ ಕೆಳಗೆ ಹೋಗಿ ಮೀನಿನ ಮುಳ್ಳು, ತಲೆ ಎಲ್ಲವನ್ನೂ ತಮಗೆ ಬಡಿಸಿ ಗುಂಡಿ ಒತ್ತಿದಳು. ತಾವು ಗುರುಗುಟ್ಟಿಕೊಂಡು ತಿಂದಿರಿ, ಅದಕ್ಕಾಗಿ ಕೃತಜ್ಞನಾಗಿದ್ದೇನೆ. ಕಿಟಕಿಗಳಲ್ಲೆಲ್ಲ ತಲೆಗಳಿದ್ದವು. ರಾಯರು ಕೆಳಗಿಳಿದು ಬಂದರು, ಹೇಗೂ ಮೈಲಿಗೆಯಾಗಿಹೋಯಿತಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಮೇಲೆ ಹೋಗಿ, ತಮ್ಮ ಮನೆಯ ಬಕೆಟ್ಟನ್ನೂ ತಂದು ಸುರಿದರು. ಹೇಗೂ ಮೈಲಿಗೆಯಾಗಿದೆ ಎಂದುಕೊಂಡು ಈಗ ಇಡೀ ಸೊಸೈಟಿ ಸಾಲು ನಿಂತಿದೆ. ಪುಸ್ತಕ, ಭಾಷಣ, ಪೂಜೆ, ಬಹುಮಾನಗಳಿಂದ ಆಗದ ಸುಸ್ಥಿರ ಅಭಿವೃದ್ಧಿ ನಾಲ್ಕು ಬಂಗುಡೆ ಮುಳ್ಳಿನಿಂದ ಆಗಿದೆ. ಮಾನಸಿಗೆ ಮಾತ್ರ ತಲೆನೋವು, ಬಹುಮಾನ ಕೊಟ್ಟವರು ಮುಂದಿನ ತಿಂಗಳು ನೋಡಲು ಬರುತ್ತಾರಂತೆ, ಯಂತ್ರದ ಮೇಲೆ ಜನರಿಗಿದ್ದ ಗೌರವ ಯಾಕೆ ಕುಸಿಯಿತೆಂದು ಅವಳು ವರದಿ ಬರೆಯಬೇಕು. ಬಸಳೆಯ ಬೋರ್ಡನ್ನು ಯಾರೂ ತೆಗೆದಿಲ್ಲ, ಆದರೆ ಈಗಷ್ಟೇ ರಾಯರ ಹೆಂಡತಿ ನಮ್ಮ ಬಾಗಿಲಿಗೆ ಬಂದು, ಹಲಸಿನ ಬೀಜ ಬೇಯಲು ಇಟ್ಟು ಬಂದಿದ್ದೇನೆ, ನಾಲ್ಕು ದಂಟು ಕೊಯ್ದು ಕೊಡು ಎಂದು ಮಾಲಾಳನ್ನು ಕೇಳಿದರು. ಮಾಲಾ ಮೀನು ತೊಳೆದ ನೀರಿನ ಪಾತ್ರೆಯನ್ನೂ ಕತ್ತಿಯನ್ನೂ ಹಿಡಿದುಕೊಂಡು ಅವರ ಜೊತೆಯಲ್ಲೇ ಕೆಳಗಿಳಿದಳು.