ಹಾಳೆಯ ಮೇಲೆ ಇಲ್ಲದ ಚುಕ್ಕಿ

"ಅವು ಕಣ್ಣ ಅದಾವೋ, ಇಲ್ಲಾ ಅಂಗಿ ಗುಂಡಿ ಹಚ್ಚಿಸ್ಕೊಂಡು ಬಂದೀಯೋ?"

ದಾಂಡೇಲಿಯ ಹೊರಗಿನ ನೋಟ್‌ಬುಕ್ ಶೆಡ್ಡಿನಲ್ಲಿ, ಹದಿನಾಲ್ಕು ಹೆಣ್ಣಾಳುಗಳ ಎದುರಿಗೆ ಸೂಪರ್‌ವೈಸರ್ ವೀರೇಶ ಹೀಗೆ ಕೇಳಿದ. ಕೇಳಿಸಿಕೊಂಡ ಮಲಕಪ್ಪನಿಗೆ ಐವತ್ಮೂರು, ಕೇಳಿದವನಿಗೆ ಇಪ್ಪತ್ತಾರು. ಆ ಹುಡುಗನಿಗೆ ಯಾರೋ ಕುರ್ಚಿ ಕೊಟ್ಟಿದ್ದರು, ಮರ್ಯಾದೆ ಕಲಿಸಲು ಮರೆತಿದ್ದರು.

ಮಲಕಪ್ಪನ ಕೆಲಸ ಹಾಳೆ ಆರಿಸುವುದು. ಕಟ್ಟನ್ನು ಬೀಸಣಿಗೆಯಂತೆ ಬಿಡಿಸಿ, ಕರಿ ಚುಕ್ಕಿ ಬಿದ್ದ ಹಾಳೆಯನ್ನು ಎಳೆದು ರದ್ದಿಗೆ ಎಸೆಯಬೇಕು. ಇಪ್ಪತ್ತು ವರ್ಷ ಅವನ ಕಣ್ಣಿನಿಂದ ಒಂದು ಚುಕ್ಕಿಯೂ ತಪ್ಪಿಸಿಕೊಂಡಿರಲಿಲ್ಲ. ಇಂದು ಬೆಳಗಿನಿಂದ ಮಾತ್ರ ಪ್ರತಿ ಹಾಳೆಯಲ್ಲೂ ಚುಕ್ಕಿ. ಎಸೆದ, ಎಸೆದ, ಹತ್ತು ಗಂಟೆಗೆ ರಾಶಿ ಸೊಂಟಕ್ಕೆ ಬಂತು. ವೀರೇಶ ಒಂದೊಂದೇ ಎತ್ತಿ ನೋಡಿದರೆ ಎಲ್ಲವೂ ಹಾಲಿನಂತೆ ಬಿಳಿ.

"ಇಲ್ಲೇ ಐತಲ್ರಿ ಸಾಹೇಬ್ರ," ಎಂದು ಮಲಕಪ್ಪ ಬೆರಳಿಟ್ಟ. ಚುಕ್ಕಿ ಜಾರಿತು. ಕಣ್ಣು ಹೋದತ್ತ ಅದೂ ಹೋಗಿ, ಮೇಜು ದಾಟಿ, ವೀರೇಶನ ಬಿಳಿ ಅಂಗಿಯ ಮೇಲೆ ಕೂತಿತು. ನೊಣವೆಂದು ಮಲಕಪ್ಪ ಫಟ್ಟನೆ ಹೊಡೆದ.

ಹೆಣ್ಣಾಳುಗಳು ಸೆರಗು ಬಾಯಿಗೆ ತುರುಕಿಕೊಂಡರು.

"ಮೂರು ಗಂಟೆದೊಳಗ ಕಣ್ಣಿನ ಡಾಕ್ಟರ್ ಚೀಟಿ ತಾ," ಎಂದ ವೀರೇಶ, ಎದೆ ಉಜ್ಜಿಕೊಳ್ಳುತ್ತ. "ಇಲ್ಲಾಂದ್ರ ನಾಳಿಂದ ರದ್ದಿ ಕೋಣ್ಯಾಗ ಚೀಲ ತುಳಿ."

ರದ್ದಿ ಕೋಣೆಗೆ ಹಾಕುವುದು ಬೇರೆ ಯಾವುದಕ್ಕೂ ಬಾರದವರನ್ನು. ಮಲಕಪ್ಪ ಚಪ್ಪಲಿ ಮೆಟ್ಟುವಷ್ಟರಲ್ಲಿ ಸಲಹೆಗಳು ಸುತ್ತುವರಿದವು.

"ಉಳ್ಳಾಗಡ್ಡಿ ರಸ ಬಿಡ್ರಿ ಅಣ್ಣಾರ," ಎಂದಳು ಹಾಳೆ ಎಣಿಸುವ ಮಾಲವ್ವ. "ಹೊಲಸೆಲ್ಲಾ ನೀರಾಗಿ ಹೋಗ್ತೈತಿ."

ಹೊಲಿಗೆ ಮಷೀನಿನ ಉಳವಪ್ಪ ಕಿವಿಯ ಬಳಿ ಬಾಗಿ, ಇಡೀ ಶೆಡ್ಡಿಗೆ ಕೇಳುವಂತೆ ಪಿಸುಗುಟ್ಟಿದ: "ನಿನ್ನೆ ಎಷ್ಟ್ ಕುಡದಿದ್ದಿ? ನಾ ಯಾರಿಗೂ ಹೇಳಂಗಿಲ್ಲ."

ಚಹಾ ಬಿಟ್ಟು ಬೇರೇನನ್ನೂ ಕುಡಿದರಿಯದ ಮಲಕಪ್ಪ ತಲೆ ತಗ್ಗಿಸಿದ. ಕಣ್ಣಂಚಿನಲ್ಲಿ ಮಿಂಚು ಹೊಡೆಯುತ್ತಿದೆ ಎಂಬುದನ್ನು ಹೇಳಲೇ ಇಲ್ಲ. ಹೇಳಿದ್ದರೆ ದೆವ್ವ ಬಿಡಿಸಲಿಕ್ಕೂ ಕಳಿಸುತ್ತಿದ್ದರು.

ಹಳಿಯಾಳದ ಬಸ್ಸಿನಲ್ಲಿ ಮಿಂಚಿದಾಗಲೆಲ್ಲ ಅವನ ಕಣ್ಣು ಮಿಟುಕಿತು. ಎದುರಿಗೆ ಕೂತ ಹೆಂಗಸು ಅವನನ್ನು ನುಂಗುವಂತೆ ನೋಡಿ, ಮಗಳನ್ನು ಕಿಟಕಿಯ ಕಡೆ ಸರಿಸಿದಳು. ಉಳಿದ ದಾರಿಯುದ್ದಕ್ಕೂ ಮಲಕಪ್ಪ ಕಣ್ಣು ಮುಚ್ಚಿಕೊಂಡೇ ಕೂತ.

ಹಳಿಯಾಳದ ಕಣ್ಣಿನ ಡಾಕ್ಟರ್ ರಾಜಶ್ರೀ ಹನಿ ಬಿಟ್ಟು, ಪಾಪೆ ಅಗಲಿಸಿ, ಟಾರ್ಚು ಹಿಡಿದು ಮೂಲೆಮೂಲೆ ನೋಡಿದರು.

"ಕಣ್ಣೊಳಗ ಲೋಳಿ ಇರ್ತೈತ್ರಿ ಕಾಕಾ. ವಯಸ್ಸಾದಂಗ ಕುಗ್ಗಿ ಹಿಂದಿನ ಪರದೆ ಜಗ್ತೈತಿ, ಅದಕ್ಕ ಮಿಂಚು. ಚುಕ್ಕಿ ಅಂದ್ರ ಅದರ ಎಳಿ ನೆರಳು. ನಿಮ್ಮ ಪರದೆ ಹರದಿಲ್ಲ. ಲಗೂ ಬಂದದ್ದು ಚಲೋ ಆತು."

"ಔಷಧ ಏನ್ರಿ?"

"ಇದಕ್ಕ ಔಷಧ ಇಲ್ರಿ, ರೂಢಿ ಆಗ್ತೈತಿ. ಒಂದು ತಿಂಗಳ ಬಿಟ್ಟು ಬಂದು ತೋರಸ್ರಿ. ಚುಕ್ಕಿ ಮಳಿ ಸುರದಂಗ ಆದ್ರ, ಮಿಂಚು ಹೆಚ್ಚಾದ್ರ, ಒಂದು ಬದಿ ಕತ್ತಲಿ ಇಳದಂಗ ಆದ್ರ ಮಾತ್ರ ಅವತ್ತ ಓಡಿ ಬರಬೇಕು."

ಮಲಕಪ್ಪನ ಎದೆಯ ಭಾರ ಇಳಿಯಿತು. ಚೀಟಿ ಕೇಳಿದ.

"ಚುಕ್ಕಿ ಕಾಣೂದನ್ನೂ ಬರೀತೀನ್ರಿ," ಎಂದರು ಡಾಕ್ಟರ್.

ಹದಿನಾಲ್ಕು ಸೆರಗುಗಳು ಅವನ ಕಣ್ಣ ಮುಂದೆ ಬಂದವು. "ಅದೊಂದು ಬ್ಯಾಡ್ರಿ ಡಾಕ್ಟರ್ ಬಾಯಾರ. ಇಲ್ಲದ್ದು ಕಾಣ್ತೈತಿ ಅಂತ ಬರದ್ರ ಮತ್ತ ನಗ್ತಾರ. ಕಣ್ಣು ಚಲೋ ಅದಾವ ಅಂತ ಇಷ್ಟ ಬರೀರಿ."

ಹಾಗೆ ಬೇಡವೆಂದು ಎರಡು ಸಲ ಹೇಳಿ ನೋಡಿ, ಡಾಕ್ಟರ್ ಅಷ್ಟನ್ನೇ ಬರೆದರು.

ಮೂರಕ್ಕೆ ಹತ್ತು ನಿಮಿಷವಿರುವಾಗ ಮಲಕಪ್ಪ ಶೆಡ್ಡು ಹೊಕ್ಕ. ಹನಿಯ ಮಂಜು ಇನ್ನೂ ಇಳಿದಿರಲಿಲ್ಲ. ಮಾಲವ್ವನನ್ನು ಸಾಹೇಬನೆಂದು ತಿಳಿದು ಮೊದಲು ಅವಳಿಗೇ ನಮಸ್ಕಾರ ಹೊಡೆದ. ವೀರೇಶ ಚೀಟಿ ಕಸಿದುಕೊಂಡು ಎಲ್ಲರಿಗೂ ಕೇಳುವಂತೆ ಓದಿದ: "ದೃಷ್ಟಿ ಸರಿಯಾಗಿದೆ. ಪರದೆ ಸರಿಯಾಗಿದೆ. ಹಾಳೆ ನೋಡುವ ಕೆಲಸಕ್ಕೆ ಅಡ್ಡಿಯಿಲ್ಲ."

ಮಲಕಪ್ಪ ಕುತ್ತಿಗೆ ನೆಟ್ಟಗೆ ಮಾಡಿದ.

"ಹಂಗಾದ್ರ," ಎಂದ ವೀರೇಶ, ಚೀಟಿ ಮಡಿಚುತ್ತ, "ಕಣ್ಣು ಬರೋಬ್ಬರಿ ಇದ್ದೂ ಸೊಂಟದ ಮಟ ಚಲೋ ಹಾಳಿ ಎಸದಿ. ಅಂದ್ರ ಬೇಕಂತ ಎಸದಿ. ಕುರುಡ ಆಗಿದ್ರ ನಾನ ಮಾಫ್ ಮಾಡ್ತಿದ್ದೆ. ಈಗೇನ್ ಹೇಳ್ತಿ?"

ಹೆಣ್ಣಾಳುಗಳ ಕೈ ನಿಂತವು. ಉಳವಪ್ಪನ ಮಷೀನೂ ನಿಂತಿತು. ಹೇಳಬೇಕಾದದ್ದು ಚುಕ್ಕಿಯ ಒಂದೇ ಸಾಲು, ಅದನ್ನು ಮಲಕಪ್ಪ ತಾನೇ ಬೇಡಿಕೊಂಡು ಚೀಟಿಯಿಂದ ಬಿಡಿಸಿ ಬಂದಿದ್ದ. ಆಮೇಲೆ ಗೋಡೆ ಸವರುತ್ತ ಸವರುತ್ತ ರದ್ದಿ ಕೋಣೆಯ ಕಡೆ ನಡೆದ.