ಎಪ್ಪತ್ತಾರರ ಹೊಸ ಅಂಗಡಿ

ಆ ಭಾನುವಾರ ಸಂಜೆ ಸೈನ್ಯದ ನೆಲೆಯಾದ ದೇವಳಾಲಿ ಕ್ಯಾಂಪಿನ ರೊಟ್ಟಿ ಅಂಗಡಿಯಲ್ಲಿ ನಾವು ನಾಲ್ವರಿದ್ದೆವು: ಒಡತಿ ಅಂಬಕ್ಕ, ಅವರ ಮಗ ಶಿವರಾಜ, ನಾನು, ನನ್ನ ಹೆಂಡತಿ. ಎಪ್ಪತ್ತಾರು ವರ್ಷದ ತಾಯಿಗೆ ಇನ್ನು ವ್ಯಾಪಾರ ಸಾಕೆಂದು ತಿಳಿಹೇಳಲು ಶಿವರಾಜ ಬ್ಯಾಂಕಿನಲ್ಲಿದ್ದ ನನ್ನನ್ನು ಕರೆಸಿದ್ದ. ಬ್ಯಾಂಕಿನವರ ಮಾತಿಗೆ ತೂಕವಿದೆ ಎಂದು ನಂಬುವವರು ಇನ್ನೂ ಕೆಲವರಿದ್ದಾರೆ.

ವ್ಯಾಪಾರಿಯ ವಯಸ್ಸಿನ ಬಗ್ಗೆ ನನ್ನದೊಂದು ಸಿದ್ಧಾಂತವೂ ಇತ್ತು. ಮೂವತ್ತರಲ್ಲಿ ಹುಮ್ಮಸ್ಸು, ನಲವತ್ತರಲ್ಲಿ ಹದ. ಐವತ್ತು ದಾಟಿತೋ, ಮಾಲೀಕನ ಜೊತೆ ಅಂಗಡಿಯೂ ತೂಕಡಿಸತೊಡಗುತ್ತದೆ. ಬ್ಯಾಂಕಿಗೆ ಬಂದ ವ್ಯಾಪಾರಿಯ ಮುಖಕ್ಕಿಂತ ಮೊದಲು ನಾನು ಕೂದಲು ನೋಡುತ್ತಿದ್ದೆ. ನನ್ನ ಕೂದಲನ್ನು ಮಾತ್ರ ನೋಡಿಕೊಳ್ಳುತ್ತಿರಲಿಲ್ಲ. ನಿವೃತ್ತಿ ಹತ್ತಿರವಿತ್ತು, ಆಮೇಲೊಂದು ಖಾನಾವಳಿ ತೆಗೆಯುವ ಆಸೆಯಿತ್ತು. "ನಿಮ್ಮ ಲೆಕ್ಕದಾಗ ನೀವು ಈಗ ಗೊರಕಿ ಹೊಡೀಬೇಕ್ರಿ" ಎಂದು ಹೆಂಡತಿ ಆಗಾಗ ನೆನಪಿಸುತ್ತಿದ್ದಳು.

ಅಂಬಕ್ಕನ ಅಂಗಡಿ ತೂಕಡಿಸುವ ಜಾತಿಯದ್ದಲ್ಲ ನಿಜ. ವರ್ಗವಾಗಿ ಹೊರಟ ಸೈನಿಕರ ಮನೆಯವರು ಟ್ರಂಕಿನಲ್ಲಿ ಅವರ, ತಿಂಗಳಾದರೂ ಕೆಡದ ಕಟಕ ರೊಟ್ಟಿಯ ಅಡಕಲು ಇಟ್ಟುಕೊಂಡೇ ರೈಲು ಹತ್ತುವುದು. ಆದರೂ ಮೊಣಕಾಲು, ಒಲೆಯ ಝಳ, ಶಿವಧ್ಯಾನ ಎಲ್ಲವನ್ನೂ ಎಳೆದುತಂದು ಉಪದೇಶ ಮಾಡಿದೆ. ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡ ಅಂಬಕ್ಕ ಕೈತೊಳೆದು, ಸೊಂಟದ ಕೀಲಿಗೊಂಚಲು ಬಿಚ್ಚಿ ಮಗನ ಮುಂದಿಟ್ಟರು. ನನ್ನ ಮಾತುಗಾರಿಕೆಗೆ ನಾನೇ ಬೆರಗಾದೆ.

"ಅವ್ವಾ, ಇನ್ನ ಆರಾಮ ಮನ್ಯಾಗ ಕೂಡು" ಎಂದ ಶಿವರಾಜ, ಕಣ್ಣು ತುಂಬಿಕೊಂಡು.

"ಮನ್ಯಾಗ್ಯಾಕ ಕೂಡ್ಲಿ? ಇದು ಕುದುರಿದ ಅಂಗಡಿ, ನೀನೂ ನಡಸ್ತಿ. ದೌಲತಾಬಾದದಾಗ ಜಾಗಾ ನೋಡಿ ಬಂದೀನಿ, ಹೊಸಾದು ನಾ ಹಚ್ತೀನಿ."

ಅದರ ಪಕ್ಕದ ಸಂಭಾಜಿನಗರದ ಮಗಳ ಮನೆಗೆ ಹಬ್ಬಕ್ಕೆ ಹೋದಾಗ ನೋಡಿದ್ದಂತೆ. "ಕಿಲ್ಲಾ ಹತ್ತಿ ಇಳ್ದವರ ಕಾಲು ನಡಗ್ತಿರ್ತಾವ್ರಿ ಸಾಹೇಬ್ರ. ಮೊದ್ಲ ಕುಂಡ್ರಲಾಕ ಒಂದು ಕಟ್ಟಿ ಬೇಕು. ಕುಂತ ಮ್ಯಾಲ ಹಸಿವಿ ತಾನ ನೆನಪಾಗ್ತದ."

ನಾನೂ ಆ ಕೋಟೆ ಹತ್ತಿ ಇಳಿದವನೇ. ಆಗ ನನಗೆ ಕಂಡದ್ದು ನನ್ನ ಮೊಣಕಾಲು ಮಾತ್ರ. ಅವರಿಗೆ ಹತ್ತಿಳಿದವರೆಲ್ಲರ ಮೊಣಕಾಲೂ ಕಂಡಿದ್ದವು. ಅರವತ್ತರವನು ಖಾನಾವಳಿ ತೆಗೆಯಬಹುದೇ ಎಂದು ಮೆಲ್ಲಗೆ ಕೇಳಿದೆ. ಅಂಬಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮೊದಲು ಎಲ್ಲಾದರೂ ಕೆಲಸ ಕಲಿಯಲು ಹೇಳಿದರು.

ನಿವೃತ್ತಿಯಾದ ಮೇಲೆ ದೌಲತಾಬಾದಿಗೆ ಹೋದೆ. ಹೊಸ ಅಂಗಡಿಯ ಮುಂದೆ ಉದ್ದನೆಯ ಕಟ್ಟೆ, ಅದರ ತುಂಬ ಕಾಲು ಚಾಚಿ ಕುಳಿತ ಜನ. ಅಂಬಕ್ಕ ಬೆಳ್ಳುಳ್ಳಿಯ ಬುಟ್ಟಿಯನ್ನು ನನ್ನತ್ತ ಸರಿಸಿದರು, ಸುಲಿಯತೊಡಗಿದೆ. ಚಟ್ನಿ ತಡವಾಯಿತೆಂದು ಗಿರಾಕಿಯೊಬ್ಬ ಗೊಣಗಿದಾಗ, ಅವರು ನನ್ನ ಕಡೆ ಬೆರಳು ಮಾಡಿ ಮರಾಠಿಯಲ್ಲಿ ಸಮಾಧಾನ ಹೇಳಿದರು: ಹುಡುಗ ಹೊಸಬ, ಕಲಿಯುತ್ತಾನೆ.