ಹನ್ನೊಂದು ಮಣ ಉತ್ತರ

ಸಾವಿರದ ಒಂಬೈನೂರ ನಲವತ್ಮೂರನೇ ಇಸವಿ ಮಾರ್ಚಿ ತಿಂಗಳಲ್ಲಿ ನಮ್ಮೂರ ಪ್ರೈಮರಿ ಸ್ಕೂಲಿನ ಒಂದನೇ ಕ್ಲಾಸಿನ ಇಪ್ಪತ್ತೆಂಟು ಮಕ್ಕಳು ವಾರ್ಷಿಕ ಪರೀಕ್ಷೆ ಬರೆದ್ರು. ಅವರ ಉತ್ತರಗಳ ಒಟ್ಟು ತೂಕ ಹನ್ನೊಂದು ಮಣ. ಇದು ರಿಜಿಸ್ಟರಲ್ಲಿದೆ, ಯಾರು ಬೇಕಾದ್ರೂ ಹೋಗಿ ನೋಡಬಹುದು.

ನಾನು ಮಾತಾಡೋದು ಕಮ್ಮಿ. ಆದ್ರೆ ಈ ವಿಷಯಾನ ಊರಲ್ಲಿ ಒಬ್ಬೊಬ್ರು ಒಂದೊಂಥರಾ ಹೇಳ್ತಿರೋದ್ರಿಂದ, ನಡೆದದ್ದು ನಡೆದ ಹಾಗೆ ಹೇಳ್ತೀನಿ.

ನಮ್ಮೂರು ಕೊಣನೂರಿಂದ ಎರಡು ಮೈಲಿ, ಕಾವೇರಿ ದಂಡೆ ಮೇಲೆ. ಆ ಒಂದನೇ ಕ್ಲಾಸಿನ ಟೀಚರು ನಮ್ಮಕ್ಕ, ಸುವರ್ಣಮ್ಮ. ಅಕ್ಕ ನಾಲ್ಕು ವರ್ಷದಿಂದ ಆಕ್ಟಿಂಗು. ಆಕ್ಟಿಂಗು ಅಂದ್ರೆ ಪಾಠ ಪೂರ್ತಿ ಮಾಡಬೇಕು, ಕೆಲಸ ಮಾತ್ರ ಪೂರ್ತಿ ನಮ್ಮದಲ್ಲ. ನಾಲ್ಕನೇ ವರ್ಷದ ಕೊನೇಲಿ ಕ್ಲಾಸಿನ ಅಷ್ಟೂ ಮಕ್ಕಳು ಪಾಸಾದ್ರೆ ಖಾಯಂ. ಒಂದೇ ಒಂದು ಮಗು ಫೇಲಾದ್ರೂ ಮನೆಗೆ. ಅಪ್ಪ ತೀರಿಹೋದ ಮೇಲೆ ಅಮ್ಮ, ಅಕ್ಕ, ನಾನು ಮೂರೇ ಜನ. ನಮ್ಮನೆ ಒಲೆ ಉರೀತಿದ್ದದ್ದು ಅಕ್ಕನ ಕೆಲಸದಿಂದ.

ಅಕ್ಕನ ಪಾಠ ಬೇರೆ ಥರ. ಮಕ್ಕಳನ್ನ ಹೊಳೆ ದಂಡೆಗೆ ಕರ್ಕೊಂಡು ಹೋಗಿ, ಮರಳಿನ ಮೇಲೆ ಕೋಲಲ್ಲಿ ಇಪ್ಪತ್ತು ಮಾರುದ್ದ ಒಂದು ಅಕ್ಷರ ಗೀರೋಳು. ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡ್ಕೊಂಡು ಆ ಗೀರಿನ ಮೇಲೆ ನಡೀಬೇಕು. "ಮೊದಲು ಕಾಲಿಗೆ ಬರಲಿ, ಆಮೇಲೆ ಕೈಗೆ ತಾನಾಗೇ ಬರುತ್ತೆ" ಅನ್ನೋಳು. ಠ ನಡೆಯುವಾಗ ಸುತ್ತು ಮುಗಿದ ಮೇಲೆ ಒಬ್ಬರು ಮಧ್ಯಕ್ಕೆ ಹಾರಿ ಕುಕ್ಕರಗಾಲಲ್ಲಿ ಕೂತು ಚುಕ್ಕಿ ಆಗಬೇಕು. ಚುಕ್ಕಿ ಆಗೋಕೆ ದಿನಾ ಜಗಳ. ಗಾಡಿ ಬೋರಪ್ಪನ ಮಗಳು ಲಕ್ಕಿ ಅಂತೂ, ಚುಕ್ಕಿನೇ ಇಲ್ಲದ ಅಕ್ಷರದಲ್ಲೂ ಮಧ್ಯ ಹೋಗಿ ಕೂರೋಳು.

ಆಗ ಯುದ್ಧದ ಕಾಲ. ಮೇಲಿನ ಆಫೀಸಿಂದ ಒಂದು ಸರ್ಕ್ಯುಲರು ಬಂತು:

"ಯುದ್ಧ ನಿಮಿತ್ತ ಕಾಗದದ ಅಭಾವ ತಲೆದೋರಿರುವುದರಿಂದ, ಒಂದನೇ ತರಗತಿಯ ಪರೀಕ್ಷೆಯನ್ನು ಮರಳಿನ ಮೇಲೆ ನಡೆಸತಕ್ಕದ್ದು. ಉತ್ತರಗಳನ್ನು ಯಥಾಪ್ರಕಾರ ಚೀಲದಲ್ಲಿಟ್ಟು, ಅರಗಿನ ಮೊಹರು ಮಾಡಿ, ಪರಿಶೀಲನೆಗಾಗಿ ಈ ಕಛೇರಿಗೆ ಕಳುಹಿಸತಕ್ಕದ್ದು."

ಮೊದಲನೇ ವಾಕ್ಯ ಆ ವರ್ಷದ್ದು. ಎರಡನೇದು ಪ್ರತಿ ವರ್ಷದ್ದು. ಕಾಗದ ಉಳಿಸೋಕೆ ಎರಡನ್ನೂ ಒಂದರಲ್ಲೇ ಸೇರಿಸಿದ್ರು. ಸರ್ಕ್ಯುಲರು ನಾಲ್ಕು ಪ್ರತಿ ಬಂತು.

ಅಕ್ಕ ಹೆಡ್‌ಮೇಷ್ಟ್ರು ರುದ್ರಯ್ಯನವರ ಹತ್ರ ಹೋದಳು. ಅವರು ಸರ್ಕ್ಯುಲರನ್ನ ನಿಂತ್ಕೊಂಡೇ ಓದೋರು, ಕೂತು ಓದಿದ್ರೆ ಮರ್ಯಾದೆ ಅಲ್ಲ ಅಂತ.

"ಮೇಷ್ಟ್ರೇ, ಚೀಲಕ್ಕೆ ಸುರಿದ್ರೆ ಅಕ್ಷರ ಅಳಿಸಿಹೋಗುತ್ತಲ್ಲ?"

"ಅಕ್ಷರ ಕಳಿಸಿ ಅಂತ ಎಲ್ಲಿದೆಯಮ್ಮ? ಉತ್ತರ ಕಳಿಸಿ ಅಂತಿದೆ. ಸುರೀರಿ."

ಪರೀಕ್ಷೆ ನಡೀತು. ಪ್ರಶ್ನೆ ಒಂದೇ: ನಿಮ್ಮ ಹೆಸರಿನ ಮೊದಲನೇ ಅಕ್ಷರ ಬರೆಯಿರಿ. ಮಕ್ಕಳು ಹಲಗೆ ತುಂಬಾ ಮರಳು ಹರಡ್ಕೊಂಡು ಬೆರಳಲ್ಲಿ ಬರೆದ್ರು. ಇಪ್ಪತ್ತೆಂಟೂ ಸರಿಯಾಗಿತ್ತು, ನಾನೇ ಕಿಟಕಿಯಿಂದ ನೋಡಿದ್ದೀನಿ. ಆಮೇಲೆ ಒಂದೊಂದು ಹಲಗೇನೂ ಒಂದೊಂದು ಚೀಲಕ್ಕೆ ಸುರಿದ್ರು. ದೇವರಾಜು ಅನ್ನೋ ಹುಡುಗನ ಮರಳು ಒಂದು ಬೊಗಸೆ ಪಕ್ಕದವನ ಚೀಲಕ್ಕೆ ಬಿತ್ತು. ರುದ್ರಯ್ಯ ಮೇಷ್ಟ್ರು ನಕಲು ಅಂತ ಇಬ್ಬರನ್ನೂ ಎಬ್ಬಿಸಿ ಬೇರೆ ಬೇರೆ ಮೂಲೇಲಿ ಕೂರಿಸಿದ್ರು. ಚೀಲ ಒಂದಕ್ಕೆ ಆರು ಫಾರಂ ತುಂಬಬೇಕಾಗಿತ್ತು. ಆರನೇ ಫಾರಂ, ಕಾಗದ ಎಷ್ಟು ಉಳಿಸಿದ್ದೀರಿ ಅಂತ ಬರೆಯೋಕೆ.

ಗಾಡಿ ಕಟ್ಕೊಂಡು ಬೋರಪ್ಪ ಬಂದ.

"ಇದೇನು ಟೀಚರಮ್ಮ, ಗೊಬ್ಬರವಾ?"

"ಉತ್ತರ ಬೋರಪ್ಪ."

"ಅಂಗಾ. ನಮ್ ಲಕ್ಕೀದು ಯಾವ್ದು?"

ಅಕ್ಕ ತೋರಿಸಿದಳು. ಬೋರಪ್ಪ ಒಂದೇ ಕೈಲಿ ಎತ್ತಿ ನೋಡಿ ಮಗಳ ಕಡೆ ತಿರುಗಿದ. "ಅಗುರಾಗದಲ್ಲಮ್ಮಿ! ಇನ್ನೊಸಿ ಬರೀಬಾರ್ದಾಗಿತ್ತಾ? ಬೆಳಗ್ಗೆ ಮುದ್ದೆ ಉಂಡಿರ್ಲಿಲ್ವಾ ನೀನು?"

ಮೇಲಿನ ಆಫೀಸು ಯಾವ ಪೇಟೇಲಿತ್ತು ಅಂತ ಹೇಳೋದಿಲ್ಲ, ಅಲ್ಲಿ ನಮಗೆ ಬೇಕಾದೋರಿದ್ದಾರೆ. ಅಲ್ಲಿನ ಹೆಡ್ ಗುಮಾಸ್ತರು ಪರಮಶಿವಯ್ಯನವರು. ಅವರು ಆಗ ಒಂದು ಮನೆ ಕಟ್ಟಿಸ್ತಿದ್ರು. ಪಾಯ ಎದ್ದಿತ್ತು, ಗೋಡೆ ಗಾರೆಗೆ ಮರಳು ಸಾಲದೆ ಕೆಲಸ ನಿಂತಿತ್ತು. ಇದಕ್ಕೂ ಪರೀಕ್ಷೆಗೂ ಏನೂ ಸಂಬಂಧ ಇಲ್ಲ.

ಪರಮಶಿವಯ್ಯನವರು ಚೀಲಗಳನ್ನ ಇಳಿಸಿಕೊಂಡು ರಶೀದಿ ಕೊಟ್ರು. ಮರಳಿನ ಉತ್ತರಾನ ಹೇಗೆ ತಿದ್ದಬೇಕು ಅಂತ ರೂಲು ಇರಲಿಲ್ಲ. ಅವರು ಯೋಚನೆ ಮಾಡಿ ತಕ್ಕಡಿ ತರಿಸಿದ್ರು. ಅರ್ಧ ಮಣ ಮತ್ತು ಮೇಲ್ಪಟ್ಟು ಪಾಸು, ಕಮ್ಮಿಯಾದ್ರೆ ಫೇಲು. ಹದಿನೈದು ದಿನದಲ್ಲಿ ಫಲಿತಾಂಶ ಬಂತು. ಒಂಬತ್ತು ಜನ ಪಾಸು, ಹತ್ತೊಂಬತ್ತು ಜನ ಫೇಲು. ಲಕ್ಕಿ ಹೆಸರಿನ ಮುಂದೆ ಬರೆದಿತ್ತು: "ಚೀಲ ತೂತು. ಮುಕ್ಕಾಲು ಉತ್ತರ ದಾರಿಯಲ್ಲಿ ಸೋರಿದೆ. ಅಭ್ಯರ್ಥಿ ಅಜಾಗರೂಕಳು."

ಅಕ್ಕ ರಾತ್ರಿ ಊಟ ಮಾಡಲಿಲ್ಲ. ಬೆಳಗ್ಗೆ ನನ್ನನ್ನ ಜೊತೆಗೆ ಕರ್ಕೊಂಡು ಬಸ್ಸು ಹತ್ತಿದಳು. ಆಫೀಸಲ್ಲಿ ನಾನು ಬೀರು ಪಕ್ಕ ನಿಂತೆ.

"ಮಕ್ಕಳಿಗೆ ಅಕ್ಷರ ಬರುತ್ತೆ ಸ್ವಾಮಿ. ಒಂದ್ಸಲ ಬಂದು ಬರೆಸಿ ನೋಡಿ" ಅಂದಳು ಅಕ್ಕ.

"ನೋಡೋದು ನಮ್ಮ ಕೆಲಸ ಅಲ್ಲಮ್ಮ" ಅಂದ್ರು ಪರಮಶಿವಯ್ಯನವರು. "ಕಳಿಸೋದು ನಿಮ್ಮ ಕೆಲಸ, ತೂಗೋದು ನಮ್ಮ ಕೆಲಸ." ಒಂದು ಚಿಟಿಕೆ ಮರಳು ತಗೊಂಡು ಬೆರಳಲ್ಲಿ ಉಜ್ಜಿದ್ರು. "ಇಲ್ನೋಡಿ, ಉತ್ತರದಲ್ಲಿ ಮಣ್ಣಿದೆ. ಇಂಥಾದ್ರಲ್ಲಿ ಗಾರೆ ಕಲಸಿದ್ರೆ... ಮಗು ಭವಿಷ್ಯ ನಿಲ್ಲುತ್ತೇನಮ್ಮ?"

"ಏನು ಮಾಡಬೇಕು ಹೇಳಿ ಸ್ವಾಮಿ."

"ಜರಡಿ ಹಿಡಿದು ಬರೀಲಿ. ಪ್ರಶ್ನೆ ಕಷ್ಟ ಅಂತಿದ್ರೆ ಅದನ್ನ ಬೇಕಾದ್ರೆ ತೆಗೆದುಹಾಕ್ತೀನಿ. ಆದ್ರೆ ಉತ್ತರ ಮಗುವಿಗೆ ಎರಡು ಮಂಕರಿ ಬುಟ್ಟಿಗೆ ಕಮ್ಮಿ ಆಗಕೂಡದು."

"ಆರು ವರ್ಷದ ಮಗು ಎರಡು ಮಂಕರಿ ಹೇಗೆ ಬರೆಯುತ್ತೆ ಸ್ವಾಮಿ?"

"ಮನೇಲಿ ತಂದೆತಾಯಿ ಸ್ವಲ್ಪ ಗಮನ ಕೊಡಬೇಕಮ್ಮ" ಅಂದ್ರು ಅವರು, ಬೇಜಾರಿಂದ.

ಮರುಪರೀಕ್ಷೆ ಆರ್ಡರು ಬಂತು. ಉತ್ತರಗಳು ಒಣಗಿರತಕ್ಕದ್ದು, ಬೆಣಚುಕಲ್ಲು ಕಪ್ಪೆಚಿಪ್ಪು ಇರತಕ್ಕದ್ದಲ್ಲ, ಬುಧವಾರ ಮತ್ತು ಶನಿವಾರ ಕಛೇರಿಯ ಹಿಂದೆ ಕಟ್ಟುತ್ತಿರುವ ಮನೆಯ ಮುಂದೆ ಇಳಿಸತಕ್ಕದ್ದು. ಕಛೇರಿಯಲ್ಲಿ ಸ್ಥಳದ ಅಭಾವವಿದೆ.

ನಮ್ಮೂರಲ್ಲಿ ವಿದ್ಯೆ ಮೇಲೆ ಅಷ್ಟು ಆಸಕ್ತಿ ಅದುವರೆಗೂ ಯಾರೂ ಕಂಡಿರಲಿಲ್ಲ. ಬೆಳಗಾದ್ರೆ ದಂಡೇಲಿ ಅಪ್ಪಂದಿರು ಜರಡಿ ಹಿಡಿಯೋರು, ಅಮ್ಮಂದಿರು ಕಲ್ಲು ಆರಿಸೋರು. ಅಂಗಡಿ ಪಂಚಾಕ್ಷರಯ್ಯನವರು ಮೊಮ್ಮಗನಿಗೋಸ್ಕರ ಹೊಳೆನರಸೀಪುರದಿಂದ ಹೇಮಾವತಿ ಮರಳು ತರಿಸಿದ್ರು, ಅದು ಸುಣ್ಣಕ್ಕೆ ಚೆನ್ನಾಗಿ ಹಿಡಿಯುತ್ತೆ ಅಂತ.

"ಅದು ಮನೆಪಾಠ ಏಳಿಸ್ದಂಗಾಯ್ತದೆ, ಮೋಸ!" ಅಂತ ಬೋರಪ್ಪ ಜಗಳಕ್ಕೆ ಹೋದ.

"ನಿನಗೆ ಯೋಗ್ಯತೆ ಇದ್ರೆ ನೀನೂ ತರಿಸು ಹೋಗಯ್ಯ!" ಅಂದ್ರು ಅವರು.

ಚನ್ನರಾಯಪಟ್ಟಣದ ಕಡೆ ಹೊಳೆ ಇಲ್ಲ, ಬರೀ ಕೆರೆ. ಪಾಪ, ಆ ಕಡೆ ಮಕ್ಕಳಿಗೆ ವಿದ್ಯೆ ಹತ್ತೋದು ಕಷ್ಟ ಅಂತ ಎಲ್ಲರೂ ಮರುಗಿದ್ರು.

ಅಪ್ಪಂದಿರು ಮರಳು ತುಂಬ್ತಿದ್ರೆ, ಅಕ್ಕ ಮಂಕರಿ ಎಣಿಸೋಕೆ ಮಕ್ಕಳನ್ನ ನಿಲ್ಲಿಸಿದಳು. ವಾರದಲ್ಲಿ ಎಲ್ಲ ಮಕ್ಕಳಿಗೂ ನೂರರವರೆಗೆ ಎಣಿಕೆ ಬಂತು. ಉಳಿದ ದಂಡೆ ಮೇಲೆ ಅಕ್ಷರ ನಡೆಸೋದೂ ಬಿಡಲಿಲ್ಲ. ಗಾಡಿ ಮೇಲೆ ಗಾಡಿ ಹೋಗಿ ದಂಡೆ ಕಿರಿದಾಯ್ತು, ಅಕ್ಷರಗಳೂ ಕಿರಿದಾದವು. ಇಪ್ಪತ್ತು ಮಾರಿನ ಅಕ್ಷರ ಐದು ಮಾರಾಯ್ತು, ಆಮೇಲೆ ಮೊಳ, ಆಮೇಲೆ ಗೇಣು. ಕೊನೆಗೆ ಬೆರಳಿಗೆ ಬಂದು ನಿಂತವು. ಇಲಾಖೆ ಇಷ್ಟು ಕ್ರಮವಾಗಿ ಪಾಠಕ್ಕೆ ಸಹಾಯ ಮಾಡಿದ್ದು ಅದೇ ಮೊದಲು.

ಮೊದಲನೇ ಮರುಪರೀಕ್ಷೇಲಿ ಗೋಡೆ ಎದೆ ಮಟ್ಟ ಬಂತು, ಹದಿನೇಳು ಜನ ಪಾಸಾದ್ರು. ಎರಡನೇದರಲ್ಲಿ ಗೋಡೆ ಸೂರಿನ ಮಟ್ಟ ಬಂತು, ಇಪ್ಪತ್ನಾಲ್ಕು ಜನ. ಮೂರನೇದರಲ್ಲಿ ಗೋಡೆಗೆ ಗಾರೆ ಮೆತ್ತೋ ಗಿಲಾವು ಶುರುವಾಯ್ತು, ಇಪ್ಪತ್ತೆಂಟೂ ಪಾಸು. ಬೋರಪ್ಪ ಮಗಳ ಹೆಸರಲ್ಲಿ ಪೂರ್ತಿ ಒಂದು ಗಾಡಿ ಹೊಡೆದಿದ್ದ. ಲಕ್ಕಿಗೆ ನೂರಕ್ಕೆ ನೂರನಲವತ್ತು ಬಂತು.

ಇನ್ನು ಅಕ್ಕ ಖಾಯಂ ಆಗೋಕೆ ಇನ್‌ಸ್ಪೆಕ್ಟರ್ ಸಾಹೇಬರ ರುಜು ಒಂದೇ ಬಾಕಿ. ಅವರು ಬಹಳ ಕಟ್ಟುನಿಟ್ಟು. ಉತ್ತರಗಳನ್ನ ಕಣ್ಣಲ್ಲಿ ನೋಡಬೇಕು, ಬರೆದ ಮಕ್ಕಳೂ ಎದುರಿಗಿರಬೇಕು, ಆಮೇಲೇ ರುಜು ಅಂದ್ರು. ಇಪ್ಪತ್ತೆಂಟು ಮಕ್ಕಳನ್ನೂ ಎರಡು ಗಾಡೀಲಿ ತುಂಬಿಕೊಂಡು ಹೊರಟ್ವಿ.

"ಉತ್ತರಗಳೆಲ್ಲಿ?" ಅಂದ್ರು ಇನ್‌ಸ್ಪೆಕ್ಟರು.

ಪರಮಶಿವಯ್ಯನವರು ಕೈಮುಗಿದ್ರು. "ಕಛೇರೀಲಿ ಜಾಗ ಇಲ್ಲ ಸಾರ್. ಮಳೆ ಗಾಳಿಗೆ ಹಾಳಾಗಬಾರದು ಅಂತ ನನ್ನ ಸ್ವಂತ ಮನೆಯ ಗೋಡೇಲಿ ಭದ್ರವಾಗಿ ಇಟ್ಟಿದ್ದೀನಿ. ನನಗೆ ತೊಂದರೆನೇ, ಆದ್ರೆ ಮಕ್ಕಳ ಭವಿಷ್ಯ ನೋಡಿ."

"ನಿಮ್ಮಂಥೋರು ಇಲಾಖೇಲಿ ಇನ್ನೂ ನಾಲ್ಕು ಜನ ಇರಬೇಕು" ಅಂದ್ರು ಇನ್‌ಸ್ಪೆಕ್ಟರು.

ಎಲ್ಲರೂ ಮನೆಗೆ ಹೋದ್ವಿ. ಒಳ್ಳೇ ಮನೆ. ಮುಂದಿನ ಗೋಡೆಗೆ ಹಿಂದಿನ ದಿನ ಗಿಲಾವು ಮಾಡಿದ್ರು, ಇನ್ನೂ ಹಸಿ. ಇನ್‌ಸ್ಪೆಕ್ಟರು ಪಕ್ಕದ ಗೋಡೆಯಿಂದ ಶುರು ಮಾಡಿದ್ರು. ಬೆತ್ತದಲ್ಲಿ ತಟ್ಟೋರು, ಕಿವಿ ಇಡೋರು.

"ಇದು ಯಾರದು?"

ಪರಮಶಿವಯ್ಯನವರು ರಿಜಿಸ್ಟರು ನೋಡೋರು. "ದೇವರಾಜು ಸಾರ್."

"ಗಟ್ಟಿಯಾಗಿದೆ. ಚೆನ್ನಾಗಿ ಓದಿದ್ದಾನೆ. ಪಾಸು."

ಹೀಗೆ ಇಪ್ಪತ್ತೇಳು ಆಯ್ತು. ಲಕ್ಕಿ ಒಬ್ಬಳು ಉಳಿದಳು. ತಿರುಗಿ ನೋಡಿದ್ರೆ ಲಕ್ಕಿ ಮುಂದಿನ ಗೋಡೆ ಹತ್ರ ಇದ್ದಾಳೆ. ನುಣ್ಣಗೆ, ಒದ್ದೆಯಾಗಿ, ಬರೆಯೋಕೆ ಹೇಳಿ ಮಾಡಿಸಿದ ಹಾಗಿದ್ದ ಅಷ್ಟು ದೊಡ್ಡ ಮರಳು ಹಲಗೇನ ಆ ಮಗು ಹುಟ್ಟಿದಾಗಿಂದ ನೋಡಿರಲಿಲ್ಲ. ತನ್ನೆತ್ತರಕ್ಕೆ ಒಂದು 'ಲ' ಬರೆದು ಮುಗಿಸಿದ್ದಳು.

"ಅಯ್ಯಯ್ಯೋ, ನನ್ನ ಗೋಡೆ!" ಅಂತ ಕಿರುಚಿದ್ರು ಪರಮಶಿವಯ್ಯನವರು. "ಅಲ್ಲ, ಸರ್ಕಾರಿ ದಾಖಲೆ! ದಾಖಲೆ ಕೆಡಿಸಿದಳು! ಫೇಲ್ ಮಾಡಿ ಸಾರ್!"

ಇನ್‌ಸ್ಪೆಕ್ಟರು ರೂಲು ಪುಸ್ತಕ ತೆಗೆದು ಓದಿದ್ರು. "ಒಪ್ಪಿಸಿದ ನಂತರ ಉತ್ತರ ತಿದ್ದಿದವರು ಫೇಲು." ಪೆನ್ನಿನ ಮುಚ್ಚಳ ಬಿಚ್ಚಿದ್ರು. ಅಕ್ಕನ ಮುಖ ಗೋಡೆ ಬಣ್ಣಕ್ಕೆ ಬಂತು.

"ಎಸ್ರು ಬರ್ದವಳೆ ಸಾ, ಬೈಗುಳ ಬರ್ದಿಲ್ಲ" ಅಂದ ಬೋರಪ್ಪ. ಮಗಳ ಬೆರಳಿನ ಗಾರೇನ ತನ್ನ ವಲ್ಲೀಲಿ ಒರೆಸ್ತಾ ಇದ್ದ. ಅದನ್ನ ಎಲ್ಲರೂ ನೋಡಿದ್ರು, ಯಾರೂ ನೋಡಲಿಲ್ಲ.

ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. "ಅವಳು ತಿದ್ದಿಲ್ಲ ಸ್ವಾಮಿ."

"ಮತ್ತೆ ಇದು?"

"ಇದು ಅವಳು ಮಾರ್ಚಿ ತಿಂಗಳಲ್ಲಿ ಬರೆದ ಉತ್ತರ. ಒಳಗಿತ್ತು. ಈಗ ಮೇಲೆ ಬಂದಿದೆ."

ಇನ್‌ಸ್ಪೆಕ್ಟರು ಕನ್ನಡಕ ಹಾಕ್ಕೊಂಡು ಬಗ್ಗಿ ನೋಡಿದ್ರು.

"ಪ್ರಶ್ನೆ ಏನಿತ್ತು?"

"ಹೆಸರಿನ ಮೊದಲನೇ ಅಕ್ಷರ ಸ್ವಾಮಿ."

"ಹೆಸರು?"

"ಲಕ್ಕಮ್ಮ."

"ಸರಿಯಾಗೇ ಇದೆಯಲ್ಲ."

"ಮೋಸ ಸಾರ್!" ಅಂದ್ರು ಪರಮಶಿವಯ್ಯನವರು. "ಗೋಡೆ ಒಳಗಿಂದ ಅಕ್ಷರ ಬರೋದುಂಟಾ?"

ಇನ್‌ಸ್ಪೆಕ್ಟರು ನೆಟ್ಟಗೆ ನಿಂತ್ರು. "ಗೋಡೆ ಒಳಗಿರೋದು ಉತ್ತರ ಅಂತ ನೀವೇ ಈಗ ಹೇಳಿದ್ದೀರಿ. ಉತ್ತರ ಅಲ್ಲ ಅನ್ನೋದಾದ್ರೆ, ಒಳಗಿರೋದು ಏನು ಪರಮಶಿವಯ್ಯನವರೇ? ಹೇಳಿ, ಬರ್ಕೋತೀನಿ."

ಪರಮಶಿವಯ್ಯನವರು ಗೋಡೆ ನೋಡಿದ್ರು, ಸೂರು ನೋಡಿದ್ರು, ಪೆನ್ನು ನೋಡಿದ್ರು.

"ಉತ್ತರವೇ ಸಾರ್. ಮೇಲೆ ಬಂದಿದೆ" ಅಂದ್ರು.

ಅಕ್ಕ ಅವತ್ತಿನ ತಾರೀಖಿಂದಲೇ ಖಾಯಂ ಆದಳು. ವಾರದ ಮೇಲೆ ಇನ್ನೊಂದು ಆರ್ಡರು ಹೊರಟಿತು, ನಾಲ್ಕು ಪ್ರತಿ: "ಸದರಿ ಗೋಡೆಗಳಲ್ಲಿ ಒಬ್ಬ ಅಭ್ಯರ್ಥಿಯ ಉತ್ತರವು ಪ್ರಕಟವಾಗಿದ್ದು, ಉಳಿದ ಇಪ್ಪತ್ತೇಳು ಮಂದಿಯವು ಪ್ರಕಟವಾಗುವವರೆಗೆ ಗೋಡೆಗಳಿಗೆ ಸುಣ್ಣ ಬಳಿಯತಕ್ಕದ್ದಲ್ಲ. ಹೆಡ್ ಗುಮಾಸ್ತರು ಪ್ರತಿದಿನ ಖುದ್ದಾಗಿ ಪರಿಶೀಲಿಸಿ ವರದಿ ಒಪ್ಪಿಸತಕ್ಕದ್ದು."

ನಮ್ಮೂರೋರು ಸಂತೆಗೆ ಅಂತ ಆ ಪೇಟೆಗೆ ಹೋದ್ರೆ ಈಗಲೂ ಆ ಬೀದೀಲಿ ಒಂದು ಸುತ್ತು ಹಾಕ್ಕೊಂಡೇ ಬರ್ತಾರೆ. ಮಕ್ಕಳನ್ನ ಎತ್ತಿ ತೋರಿಸ್ತಾರೆ. ಪರಮಶಿವಯ್ಯನವರು ಬೆಳಗ್ಗೆ ಕಾಫಿ ಕುಡಿದು, ರಿಜಿಸ್ಟರು ಹಿಡ್ಕೊಂಡು ಗೋಡೆ ಮುಂದೆ ನಿಂತಿರ್ತಾರೆ.

"ಇನ್ನೊಂದು ಬಂತಾ ಸ್ವಾಮಿ?" ಅಂತ ಯಾರಾದ್ರೂ ಕೇಳ್ತಾರೆ.

"ಇನ್ನೂ ಇಲ್ಲ" ಅಂತಾರೆ ಅವರು, ಗೋಡೆಯಿಂದ ಕಣ್ಣು ತೆಗೀದೆ. "ಮಳೆಗಾಲ ಕಳೀಲಿ."